ಗೊಬೆಕ್ಲಿ ಟೆಪೆಯನ್ನು ಪೂರ್ತಿ ಯಾಕೆ ಅಗೆಯುತ್ತಿಲ್ಲ?

ಹೊಸಪೇಟೆ ಹುಡುಗ
ಎಲ್ಲರಿಗೂ ನಮಸ್ಕಾರ. ಟರ್ಕಿಯ ಗೊಬೆಕ್ಲಿ ಟೆಪೆ ಬಗ್ಗೆ ಈಚೆಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಸುಮಾರು 11,500 ವರ್ಷ ಹಿಂದಿನ ಕಲ್ಲುಕಂಬಗಳು. ಕೆಲವು ಐದೂವರೆ ಮೀಟರ್ ಎತ್ತರ ಇವೆ. ಮೈಮೇಲೆ ನರಿ, ಹಾವು, ಚೇಳು, ರಣಹದ್ದು. ಕೆತ್ತಿದವರ ಹತ್ತಿರ ಲೋಹ ಇರಲಿಲ್ಲ, ಮಣ್ಣಿನ ಮಡಕೆಯೂ ಇರಲಿಲ್ಲ. ಕಲ್ಲಿನಿಂದಲೇ ಕಲ್ಲನ್ನು ಕೆತ್ತಿದ್ದಾರೆ.

ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಅಲ್ಲಿ ಅಗೆತ ಶುರುವಾಗಿದ್ದು 1995ರಲ್ಲಿ. ಇಷ್ಟು ವರ್ಷ ಆದರೂ ಹತ್ತರಲ್ಲಿ ಒಂದು ಪಾಲು ಕೂಡ ಅಗೆದಿಲ್ಲವಂತೆ. ನೆಲದೊಳಗೆ ಏನಿದೆ ಅಂತ ಮೇಲಿನಿಂದಲೇ ಪತ್ತೆ ಮಾಡುವ ಉಪಕರಣಗಳಿಂದ ನೋಡಿದಾಗ ಇಂಥ ದುಂಡನೆಯ ಕಟ್ಟಡಗಳು ಇಪ್ಪತ್ತರಷ್ಟು ಇರಬಹುದು ಅಂತ ಗೊತ್ತಾಗಿದೆ. ಎಲ್ಲಿವೆ ಅಂತ ಗೊತ್ತಿದ್ದೂ ಯಾಕೆ ತೆಗೆಯುತ್ತಿಲ್ಲ? ಯೂಟ್ಯೂಬಿನಲ್ಲಿ ನೋಡಿದರೆ "ಏನನ್ನೋ ಮುಚ್ಚಿಡುತ್ತಿದ್ದಾರೆ, ಅದಕ್ಕೇ ಮೇಲೆ ಆಲಿವ್ ಮರ ನೆಟ್ಟಿದ್ದಾರೆ" ಅನ್ನುವ ವಿಡಿಯೋಗಳೇ ಜಾಸ್ತಿ. ನಾನು ಅದನ್ನು ನಂಬುವುದಿಲ್ಲ. ಆದರೆ ಸರಿಯಾದ ಉತ್ತರವೂ ಸಿಗುತ್ತಿಲ್ಲ. ಬದುಕಿರುವಾಗಲೇ ಪೂರ್ತಿ ನೋಡಬೇಕು ಅನ್ನುವ ಆಸೆ ನನಗೆ. ತಿಳಿದವರು ಹೇಳಿ.

ಗೌರಕ್ಕ
ದುಡ್ಡಿಲ್ಲ, ಜನ ಇಲ್ಲ. ಎಲ್ಲ ಕಡೆ ಇದೇ ಕಥೆ.

ಪಿಕ್ಸೆಲ್ ಪ್ರಭು
ಮುಚ್ಚಿಡಬೇಕು ಅಂತಿದ್ದರೆ ಅದರ ಮೇಲೆ ಅಷ್ಟು ದೊಡ್ಡ ಚಾವಣಿ ಕಟ್ಟಿ, ಟಿಕೆಟ್ ಇಟ್ಟು, 2018ರಲ್ಲಿ ಯುನೆಸ್ಕೋ ಪಟ್ಟಿಗೆ ಯಾಕೆ ಸೇರಿಸುತ್ತಿದ್ದರು? ಮರ ನೆಟ್ಟಿದ್ದು ಜಮೀನಿನ ಮಾಲೀಕರು.

ಮಣ್ಣಪದರ
ಹೊಸಪೇಟೆ ಅವರೇ, ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ. ನಾನು ಓದುವಾಗ ಉತ್ತರ ಕರ್ನಾಟಕದ ಒಂದು ಉತ್ಖನನದಲ್ಲಿ ಕೆಲಸ ಮಾಡಿದ್ದೇನೆ.

ಒಂದು ಜಾಗವನ್ನು ಒಂದೇ ಸಲ ಅಗೆಯಬಹುದು. ಅಗೆದ ಮೇಲೆ ಆ ಜಾಗ ಇರುವುದಿಲ್ಲ. ವಸ್ತುಗಳು ಉಳಿಯುತ್ತವೆ, ನಿಜ. ಆದರೆ ಯಾವ ವಸ್ತು ಯಾವ ಮಣ್ಣಿನಲ್ಲಿ, ಯಾವುದರ ಪಕ್ಕ, ಯಾವುದರ ಕೆಳಗೆ ಇತ್ತು ಅನ್ನುವುದು ಹೋಗುತ್ತದೆ. ಬರೆದಿಟ್ಟಿದ್ದಷ್ಟೇ ಉಳಿಯುವುದು.

ಒಂದು ಉದಾಹರಣೆ ಕೊಡುತ್ತೇನೆ. ಟ್ರೆಂಚಿನಲ್ಲಿ ಕರಣೆಯಿಂದ ಮಣ್ಣು ಕೆರೆಯುತ್ತಾ ಹೋಗುವಾಗ ಒಂದು ಕಡೆ ಅಂಗೈಯಗಲದ ದುಂಡನೆಯ ಕಪ್ಪು ಮಚ್ಚೆ ಕಾಣಿಸಿತು. ಬೆರಳಿಟ್ಟರೆ ಸುತ್ತಲಿನ ಮಣ್ಣಿಗಿಂತ ಮೆತ್ತಗಿತ್ತು. ಅದು ಗುಡಿಸಲಿನ ಕಂಬ ನೆಟ್ಟಿದ್ದ ಗುಂಡಿ. ಮರ ಕೊಳೆತು ಹೋಗಿ ಗುಂಡಿಯಲ್ಲಿ ಬೇರೆ ಮಣ್ಣು ತುಂಬಿಕೊಂಡಿತ್ತು. ಅಂಥ ಮಚ್ಚೆಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋದರೆ ಮನೆಯ ಆಕಾರ ಸಿಗುತ್ತದೆ. ಅದೇ ಜಾಗದಲ್ಲಿ ಯಾರಾದರೂ ಹಾರೆ, ಗುದ್ದಲಿ ಹಿಡಿದು ಅವಸರ ಮಾಡಿದ್ದರೆ ಆ ಮನೆ ಬಾಂಡ್ಲಿಯಲ್ಲಿ ತುಂಬಿ ಹೊರಗೆ ಹೋಗುತ್ತಿತ್ತು. ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಅದಕ್ಕೇ ದೊಡ್ಡ ಪಾಲನ್ನು ಬೇಕು ಅಂತಲೇ ಬಿಡುತ್ತಾರೆ. ಮುಂದಿನವರ ಹತ್ತಿರ ನಮಗಿಂತ ಒಳ್ಳೆಯ ಉಪಕರಣ ಇರುತ್ತದೆ.

ದಾವಣಗೆರೆ ಮೇಷ್ಟ್ರು
ಮಣ್ಣಪದರ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಅವಸರದ ಅಗೆತಕ್ಕೆ ಟ್ರಾಯ್ ನೋಡಿ. ಹೈನ್ರಿಕ್ ಶ್ಲೀಮನ್ 1870ರ ದಶಕದಲ್ಲಿ ಟ್ರಾಯ್ ಹೂತಿದ್ದ ಹಿಸಾರ್ಲಿಕ್ ದಿಬ್ಬದ ನಡುವೆ ದೊಡ್ಡ ಕಂದಕವನ್ನೇ ಕೊರೆದ. ಹೋಮರನ ಟ್ರಾಯ್ ತೀರಾ ಕೆಳಗಿದೆ ಅಂತ ಅವನ ಲೆಕ್ಕ. ಮೇಲಿನ ಪದರಗಳನ್ನೆಲ್ಲ ಕಿತ್ತು ಎಸೆದ. 1873ರಲ್ಲಿ ಚಿನ್ನ ಸಿಕ್ಕಿತು, "ಪ್ರಿಯಾಮ್ ರಾಜನ ನಿಧಿ" ಅಂದ. ಆಮೇಲೆ ಗೊತ್ತಾಯಿತು, ಆ ಚಿನ್ನ ಟ್ರೋಜನ್ ಯುದ್ಧದ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು. ಅವನು ಹುಡುಕುತ್ತಿದ್ದ ಕಾಲದ ಕಟ್ಟಡಗಳಲ್ಲಿ ಬಹಳಷ್ಟನ್ನು ಅವನೇ ಕೆಡವಿ ಹಾಕಿದ್ದ.

ಸ್ಟುಟ್‌ಗಾರ್ಟ್ ಶೆಟ್ಟಿ
ನಾನು ಹೋಗಿ ನೋಡಿ ಬಂದಿದ್ದೇನೆ. ಶಾನ್ಲಿಉರ್ಫಾ ನಗರದಿಂದ ಹತ್ತಿರ. ದಿಬ್ಬದ ಮೇಲೆ ನಿಂತರೆ ಕೆಳಗೆ ಹರಾನ್ ಬಯಲು ಕಾಣಿಸುತ್ತದೆ. ಕಂಬಗಳ ಪಕ್ಕದಲ್ಲಿ ಕೈಗಳನ್ನು ಕೆತ್ತಿದ್ದಾರೆ. ಬೆರಳುಗಳು ಹೊಟ್ಟೆಯ ಮೇಲೆ ಬಂದು ಸೇರುತ್ತವೆ, ಕೆಳಗೆ ಸೊಂಟಪಟ್ಟಿ, ನರಿಯ ಚರ್ಮ. ಅಂದರೆ ಕಂಬವೇ ಮನುಷ್ಯ. ಅದನ್ನು ಎದುರಿಗೆ ನಿಂತು ನೋಡಿದಾಗ ಮೈ ಜುಂ ಅಂದಿತು.

1963ರಲ್ಲಿ ಇಸ್ತಾಂಬುಲ್ ಮತ್ತು ಶಿಕಾಗೋ ವಿಶ್ವವಿದ್ಯಾಲಯದವರು ಇದೇ ದಿಬ್ಬ ನೋಡಿ, ಮೇಲೆ ಕಾಣುತ್ತಿದ್ದ ಕಲ್ಲುಗಳನ್ನು ಹಳೆಯ ಸ್ಮಶಾನದ ಕಲ್ಲುಗಳು ಅಂದುಕೊಂಡು ಹೋಗಿದ್ದರು. 1994ರಲ್ಲಿ ಜರ್ಮನ್ ಪುರಾತತ್ವಜ್ಞ ಕ್ಲಾಸ್ ಶ್ಮಿಟ್ ಬಂದು ನೋಡಿದ ಮೇಲೆ ಕಥೆ ಬದಲಾಯಿತು. ಅವರು ತೀರಿಕೊಂಡಿದ್ದು 2014ರಲ್ಲಿ. ಜೀವನದ ಕೊನೆಯ ಇಪ್ಪತ್ತು ವರ್ಷ ಆ ದಿಬ್ಬಕ್ಕೇ ಕೊಟ್ಟರು.

ಸೀಬೆಹಣ್ಣು
ಜಗತ್ತಿನ ಮೊದಲ ದೇವಸ್ಥಾನ ಅಲ್ವಾ ಅದು? ಅಲ್ಲಿ ಯಾರೂ ವಾಸ ಮಾಡುತ್ತಿರಲಿಲ್ಲ, ಪೂಜೆಗೆ ಮಾತ್ರ ಬರುತ್ತಿದ್ದರು, ಕೊನೆಗೆ ಅವರೇ ಮಣ್ಣು ಹಾಕಿ ಮುಚ್ಚಿದರು ಅಂತ ಓದಿದ್ದೆ.

ಮಣ್ಣಪದರ
ಸೀಬೆಹಣ್ಣು ಅವರೇ, ಅದು ಶ್ಮಿಟ್ ಅವರ ಕಾಲದ ವಿವರಣೆ. ಈಗ ಬದಲಾಗಿದೆ, ಅದು ಬದಲಾದ ರೀತಿಯೇ ಚೆನ್ನಾಗಿದೆ. ಪಿಕ್ಸೆಲ್ ಹೇಳಿದ ಚಾವಣಿ ಇದೆಯಲ್ಲ, ಅದರ ಆಧಾರಕ್ಕೆ ಆಳದವರೆಗೆ ಗುಂಡಿ ತೆಗೆಯಬೇಕಾಯಿತು. ಅಲ್ಲಿ ಸಾಧಾರಣ ಮನೆಗಳ ಗುರುತು ಸಿಕ್ಕಿತು. ಮಳೆನೀರು ಹಿಡಿದಿಡುವ ತೊಟ್ಟಿಗಳಿದ್ದವು. ಧಾನ್ಯ ಅರೆಯುವ ಕಲ್ಲುಗಳನ್ನು ಲೆಕ್ಕ ಹಾಕಿದರೆ 7,000ಕ್ಕೂ ಜಾಸ್ತಿ. ಅಂದರೆ ಜನ ಅಲ್ಲೇ ಇದ್ದರು, ಕಾಡುಧಾನ್ಯ ತಂದು ಅರೆದು ತಿನ್ನುತ್ತಿದ್ದರು. ಮುಚ್ಚಿದ ವಿಷಯವೂ ಅಷ್ಟೇ. ಇಳಿಜಾರಿನ ಮೇಲಿನ ಕಟ್ಟಡಗಳು ಕುಸಿದು, ಕಲ್ಲುಮಣ್ಣು ಜಾರಿ ಬಂದು ತುಂಬಿಕೊಂಡಿತು ಅಂತ ಜರ್ಮನ್ ಪುರಾತತ್ವ ಸಂಸ್ಥೆಯ ಲೀ ಕ್ಲೇರ್ ಮತ್ತು ಜೊತೆಯವರು ಈಗ ಹೇಳುತ್ತಿದ್ದಾರೆ.

1995ರ ವಿವರಣೆ ಇಟ್ಟುಕೊಂಡು ಇಡೀ ದಿಬ್ಬ ತೆಗೆದುಬಿಟ್ಟಿದ್ದರೆ ಈ ತಿದ್ದುಪಡಿ ಮಾಡುವುದಕ್ಕೆ ಮಣ್ಣೇ ಉಳಿದಿರುತ್ತಿರಲಿಲ್ಲ.

ಬಳ್ಳಾರಿ ಬಿಸಿಲು
ಎಲ್ಲ ಸರಿ ಸರ್. ಆದರೆ "ಮುಂದಿನವರಿಗೆ ಬಿಡೋಣ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕಾವಲು, ಬೇಲಿ, ಚಾವಣಿ ಎಲ್ಲ ಇರುವ ಕಡೆ ಅದು ಸರಿ. ನಮ್ಮ ಕಡೆ ಬಿಟ್ಟರೆ ಉಳಿಯುವುದೇ ಇಲ್ಲ.

ನಮ್ಮೂರ ಪಕ್ಕ ಬೂದಿಗುಡ್ಡ ಇತ್ತು. ಇಲ್ಲಿ ಅನೇಕರಿಗೆ ಬೂದಿಗುಡ್ಡ ಅಂದರೆ ಗೊತ್ತಿರಲಿಕ್ಕಿಲ್ಲ. ನಾಲ್ಕೈದು ಸಾವಿರ ವರ್ಷ ಹಿಂದೆ ದನ ಸಾಕುತ್ತಿದ್ದ ಜನ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಆದ ದಿಬ್ಬಗಳು. ಬಳ್ಳಾರಿ, ರಾಯಚೂರು, ಸುರಪುರದ ಕಡೆ ಬೇಕಾದಷ್ಟಿವೆ. ಹಂಪಿ ಹತ್ತಿರ ನಿಂಬಾಪುರದಲ್ಲಿ ಇರುವುದನ್ನು ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ನಮ್ಮಜ್ಜನ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಬೂದಿ ಹೇರಿ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ಆಮೇಲೆ ಟ್ರ್ಯಾಕ್ಟರ್ ಬಂತು. ಈಗ ಆ ಜಾಗದಲ್ಲಿ ಜೋಳ ಬೆಳೆಯುತ್ತಾರೆ. ಯಾರೂ ಅಗೆಯಲಿಲ್ಲ, ಯಾರೂ ಬರೆದುಕೊಳ್ಳಲಿಲ್ಲ. ಹೋಯಿತು.

ಕಪ್ಪಗಲ್ಲು ಗುಡ್ಡದ ಕಥೆ ಇನ್ನೂ ಬೇಜಾರು. ಕಲ್ಲಿನ ಮೇಲೆ ಕುಟ್ಟಿ ಮಾಡಿದ ಚಿತ್ರಗಳಿವೆ, ಬಡಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳಿವೆ. ಅದರ ಹತ್ತಿರದಲ್ಲೇ ಕಲ್ಲುಗಣಿ ನಡೆದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮುಂದಿನವರು ಬರುವ ಹೊತ್ತಿಗೆ ಅಲ್ಲಿ ಜಲ್ಲಿಕಲ್ಲು ಬಿಟ್ಟರೆ ಏನು ಇರುತ್ತದೆ?

ಗೌರಕ್ಕ
ಬಳ್ಳಾರಿ ತಮ್ಮ ಹೇಳಿದ್ದು ಮನಸ್ಸಿಗೆ ತಾಗಿತು.

ಮಣ್ಣಪದರ
ಬಳ್ಳಾರಿ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ಹೇಳಿದ್ದು ಸುರಕ್ಷಿತವಾಗಿರುವ ಜಾಗದ ಮಾತು. ಅಪಾಯದಲ್ಲಿರುವ ಕಡೆ ತಕ್ಷಣ ಅಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಲುವೆ, ಅಣೆಕಟ್ಟು, ರಸ್ತೆ ಬರುವ ಕಡೆ ಹಾಗೇ ಮಾಡುತ್ತಾರೆ, ಮಾಡಬೇಕು. ಪಾಂಪೆಯಲ್ಲೂ ಮೂರನೇ ಒಂದು ಭಾಗ ಅಗೆಯದೆ ಬಿಟ್ಟಿದ್ದಾರೆ. ಈಚಿನ ವರ್ಷಗಳಲ್ಲಿ ಅಲ್ಲಿಂದ ಬರುತ್ತಿರುವ ಸುದ್ದಿಗಳಲ್ಲಿ ಬಹಳಷ್ಟು ಶುರುವಾಗಿದ್ದು, ಅಗೆಯದ ಭಾಗದ ಮಣ್ಣಿನ ಗೋಡೆ ಕುಸಿಯದ ಹಾಗೆ ಇಳಿಜಾರು ಮಾಡುವ ಕೆಲಸದಿಂದ.

ಬೂದಿಗುಡ್ಡದ ವಿಷಯಕ್ಕೆ ಒಂದು ಸೇರಿಸುತ್ತೇನೆ. ಉಟ್ನೂರಿನ ಬೂದಿಗುಡ್ಡವನ್ನು 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳು ಸಿಕ್ಕಿದವು. ಅದರಿಂದಲೇ ಅದು ದೊಡ್ಡಿ ಅಂತ ಖಾತ್ರಿಯಾಗಿದ್ದು. ಅದು ಗೊಬ್ಬರದ ಗಾಡಿ ಹತ್ತಿದ್ದರೆ ಆ ಗೊರಸಿನ ಗುರುತು ಎಲ್ಲಿರುತ್ತಿತ್ತು?

ದಾವಣಗೆರೆ ಮೇಷ್ಟ್ರು
ನಮ್ಮ ನೆಲದ ಮಾತು ಬಂದಿದ್ದಕ್ಕೆ ಬ್ರಹ್ಮಗಿರಿ ನೆನಪಾಯಿತು. ಚಿತ್ರದುರ್ಗ ಜಿಲ್ಲೆಯದು, ಅಶೋಕನ ಶಾಸನ ಇರುವ ಜಾಗ. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ 1947ರಲ್ಲಿ ಅಗೆದರು. ಶಿಸ್ತಿನ ಕೆಲಸ, ಇವತ್ತಿಗೂ ಪಾಠದಲ್ಲಿ ಬರುತ್ತದೆ. ಆದರೆ ಕಾಲ ಲೆಕ್ಕ ಹಾಕಲು ಅವರ ಕೈಯಲ್ಲಿದ್ದದ್ದು ಏನು? ಚಂದ್ರವಳ್ಳಿಯ ರೋಮನ್ ನಾಣ್ಯ, ಪುದುಚೇರಿ ಹತ್ತಿರದ ಅರಿಕಮೇಡಿನ ಮಡಕೆ ಚೂರು. ಅದರ ಮೇಲೆ ಕಲ್ಲುಕೊಡಲಿ ಜನರ ಕಾಲ ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಶುರುವಾಯಿತು ಅಂದರು. ಇಂಗಾಲದಿಂದ ವಯಸ್ಸು ಕಂಡುಹಿಡಿಯುವ ವಿಧಾನ ಬಂದಿದ್ದು 1949ರಲ್ಲಿ, ಬರೀ ಎರಡು ವರ್ಷ ಆದ ಮೇಲೆ. ಆಮೇಲೆ ಬೇರೆ ಬೇರೆ ಕಡೆ ಇದ್ದಿಲು ಪರೀಕ್ಷೆ ಮಾಡಿ ನೋಡಿದರೆ ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3000ದ ಆಸುಪಾಸಿಗೆ ಹೋಯಿತು.

ಮಣ್ಣಪದರ
ಮೇಷ್ಟ್ರೇ, ಸರಿಯಾದ ಜಾಗಕ್ಕೆ ಬಂದಿರಿ. ಬೀಜಗಳ ಕಥೆಯೂ ಹಾಗೇ. ಆ ಕಾಲದಲ್ಲಿ ಅಗೆದ ಮಣ್ಣನ್ನು ಗುಡ್ಡೆ ಹಾಕುತ್ತಿದ್ದರು. ಈಗ ಮಣ್ಣನ್ನು ನೀರಿನ ಡ್ರಮ್ಮಿಗೆ ಹಾಕಿ ಕಲಕುತ್ತಾರೆ. ಸುಟ್ಟು ಕರಿಯಾದ ಬೀಜ ತೇಲುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಳ್ಳಾರಿ ಹತ್ತಿರದ ಸಂಗನಕಲ್ಲು ಮತ್ತು ಸುತ್ತಲಿನ ಜಾಗಗಳ ಮಣ್ಣಿನಲ್ಲಿ ಹೀಗೇ ಹುರಳಿ, ಹೆಸರು, ಕೊರಲೆ ಸಿಕ್ಕಿದ್ದು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಅವರ ತಂಡ ಮಾಡಿದ ಕೆಲಸ. ದಕ್ಷಿಣ ಭಾರತದಲ್ಲಿ ಇಲ್ಲಿಯದೇ ಬೆಳೆಗಳಿಂದ ಬೇಸಾಯ ಬೆಳೆಯಿತು ಅನ್ನುವ ವಾದಕ್ಕೆ ಆ ಕರಿ ಕಾಳುಗಳೇ ಸಾಕ್ಷಿ. ಒಂದು ಹುರಳಿ ಕಾಳಿಗೆ ಇಷ್ಟು ಮಾತಾಡುವ ಶಕ್ತಿ ಇದೆ ಅಂತ 1947ರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಂಪುಕೋಟೆ
ಚೀನಾದವರು ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಸಮಾಧಿಯನ್ನು ಇವತ್ತಿಗೂ ತೆರೆದಿಲ್ಲ. ಮಣ್ಣಿನ ಸೈನಿಕರು ಸಿಕ್ಕಿದ್ದು 1974ರಲ್ಲಿ, ರೈತರು ಬಾವಿ ತೋಡುವಾಗ. ಆ ಸೈನಿಕರಿಗೆಲ್ಲ ಬಣ್ಣ ಇತ್ತು. ಹೊರಗೆ ತೆಗೆದ ಕೆಲವೇ ನಿಮಿಷದಲ್ಲಿ ಒಣಗಾಳಿಗೆ ಕೆಳಗಿನ ಅರಗಿನ ಪದರ ಸುರುಳಿ ಸುತ್ತಿಕೊಂಡು ಬಣ್ಣದ ಸಮೇತ ಉದುರಿತು. ನಾವು ಇವತ್ತು ನೋಡುವ ಬೂದುಬಣ್ಣದ ಸೈನಿಕರು ಹಾಗಾದವರು.

ಅದಕ್ಕಿಂತ ಮುಂಚಿನ ಪೆಟ್ಟು ಡಿಂಗ್‌ಲಿಂಗ್. ಮಿಂಗ್ ಚಕ್ರವರ್ತಿ ವಾನ್ಲಿಯ ಸಮಾಧಿ. 1956ರಲ್ಲಿ ಅಗೆಯಲು ಶುರು ಮಾಡಿ ಮುಂದಿನ ವರ್ಷ ಒಳಗೆ ಹೋದರು. ರಾಶಿ ರಾಶಿ ರೇಷ್ಮೆ. ಅದನ್ನು ಉಳಿಸುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ, ಬಣ್ಣ ಹೋಗಿ ಪೆಡಸಾಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯಲ್ಲಿ ಕೆಂಪು ಕಾವಲು ಪಡೆಯವರು ಚಕ್ರವರ್ತಿ ಮತ್ತು ಇಬ್ಬರು ರಾಣಿಯರ ಮೂಳೆಗಳನ್ನು ಹೊರಗೆಳೆದು ಸುಟ್ಟರು. ನೆಲದೊಳಗೆ ಮುನ್ನೂರು ವರ್ಷ ಉಳಿದದ್ದು ಹೊರಗೆ ಹತ್ತು ವರ್ಷ ಉಳಿಯಲಿಲ್ಲ.

ಹೊಸಪೇಟೆ ಹುಡುಗ
ಡಿಂಗ್‌ಲಿಂಗ್ ಕಥೆ ಗೊತ್ತೇ ಇರಲಿಲ್ಲ. ಓದಿ ಹೊಟ್ಟೆ ಉರಿಯಿತು. ಆದರೂ ಒಂದು ಕೇಳುತ್ತೇನೆ. ಕಾದಿದ್ದಕ್ಕೆ ನಿಜವಾಗಿಯೂ ಲಾಭ ಆಗಿದ್ದು ಎಲ್ಲಾದರೂ ಉಂಟಾ? ಬರೀ ನಷ್ಟದ ಕಥೆಯೇ ಆಯಿತು.

ಪಿಕ್ಸೆಲ್ ಪ್ರಭು
ಉಂಟು! ಹರ್ಕ್ಯುಲೇನಿಯಂ ಸುರುಳಿಗಳು. ಇದು ನನಗೆ ತುಂಬಾ ಇಷ್ಟವಾದ ವಿಷಯ. ಕೆಲಸದಲ್ಲಿ ನಾನು ಸ್ಕ್ಯಾನ್ ಚಿತ್ರಗಳ ಜೊತೆಗೇ ಇರುವವನು.

ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಪಾಂಪೆ ಜೊತೆ ಹರ್ಕ್ಯುಲೇನಿಯಂ ಕೂಡ ಹೂತುಹೋಯಿತು. ಅಲ್ಲಿನ ಒಂದು ದೊಡ್ಡ ಬಂಗಲೆಯಲ್ಲಿ ಪುಸ್ತಕ ಭಂಡಾರ ಇತ್ತು. ಪಪೈರಸ್ ಸುರುಳಿಗಳು. ಶಾಖಕ್ಕೆ ಸುಟ್ಟು ಇದ್ದಿಲಾದವು. 1752ರ ಹೊತ್ತಿಗೆ ಸಿಕ್ಕಿದಾಗ ಇದ್ದಿಲು ಅಂತಲೇ ತಿಳಿದು ಕೆಲವನ್ನು ಎಸೆದರು. ಆಮೇಲೆ ಬರಹ ಇದೆ ಅಂತ ಗೊತ್ತಾಗಿ ಚಾಕುವಿನಿಂದ ಕತ್ತರಿಸಿ ನೋಡಿದರು, ಪುಡಿಯಾದವು. ಪಿಯಾಜಿಯೋ ಅನ್ನುವ ಪಾದ್ರಿ ರೇಷ್ಮೆ ದಾರ ಕಟ್ಟಿ ನಿಧಾನಕ್ಕೆ ಬಿಚ್ಚುವ ಯಂತ್ರ ಮಾಡಿದ. ಮೊದಲ ಸುರುಳಿಗೆ ನಾಲ್ಕು ವರ್ಷ ಹಿಡಿಯಿತು. ಬಿಚ್ಚಲು ಹೋಗಿ ಹಾಳಾದವು ನೂರಾರು. ಯಾರೂ ಮುಟ್ಟದೆ ಬಿಟ್ಟ ಕೆಲವು ನೂರು ಸುರುಳಿ ಉಳಿದವು.

ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಇಪ್ಪತ್ತು ವರ್ಷ ಇದರ ಹಿಂದೆ ಬಿದ್ದರು. ಸುರುಳಿಯನ್ನು ಬಿಚ್ಚುವುದೇ ಬೇಡ, ಎಕ್ಸ್-ರೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬಿಚ್ಚೋಣ ಅಂತ. ಇಸ್ರೇಲಿನ ಎನ್‌ಗೆಡಿಯಲ್ಲಿ 1970ರಲ್ಲಿ ಸಿಕ್ಕ ಸುಟ್ಟ ಸುರುಳಿಯನ್ನು ಹೀಗೆ ಓದಿದರು, ಬೈಬಲ್‌ನ ಲೇವಿಟಿಕಸ್ ಭಾಗ ಅದು. ಹರ್ಕ್ಯುಲೇನಿಯಂ ಕಷ್ಟ, ಯಾಕೆಂದರೆ ಶಾಯಿಯೂ ಇಂಗಾಲ, ಸುಟ್ಟ ಪಪೈರಸ್ಸೂ ಇಂಗಾಲ. ಸ್ಕ್ಯಾನಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. 2023ರಲ್ಲಿ ಸ್ಕ್ಯಾನ್‌ಗಳನ್ನೆಲ್ಲ ಜಗತ್ತಿಗೆ ಬಿಟ್ಟುಕೊಟ್ಟು ಬಹುಮಾನ ಇಟ್ಟರು. ಕೇಸಿ ಹ್ಯಾಂಡ್ಮರ್ ಅನ್ನುವವರು ಗಂಟೆಗಟ್ಟಲೆ ಚಿತ್ರ ನೋಡುತ್ತಾ ಕೂತು, ಶಾಯಿ ಇದ್ದ ಕಡೆ ಒಣಮಣ್ಣು ಬಿರುಕು ಬಿಟ್ಟ ಹಾಗೆ ಒಂದು ವಿನ್ಯಾಸ ಇರುವುದನ್ನು ಗುರುತಿಸಿದರು. ಅದನ್ನು ಹಿಡಿದು ಲ್ಯೂಕ್ ಫ್ಯಾರಿಟರ್ ಅನ್ನುವ ಕಾಲೇಜು ಹುಡುಗ ಎಐ ಮಾದರಿಯನ್ನು ತರಬೇತು ಮಾಡಿ ಮೊದಲ ಪದ ಓದಿದ. ಅದು "ನೇರಳೆ ಬಣ್ಣ" ಅನ್ನುವ ಅರ್ಥದ ಗ್ರೀಕ್ ಪದ. 2024ರ ಫೆಬ್ರವರಿಯಲ್ಲಿ ಅವನು, ಯೂಸುಫ್ ನಾದರ್, ಜೂಲಿಯನ್ ಶಿಲ್ಲಿಗರ್ ಸೇರಿ 2,000ಕ್ಕೂ ಜಾಸ್ತಿ ಅಕ್ಷರ ಓದಿ 7 ಲಕ್ಷ ಡಾಲರ್ ಗೆದ್ದರು. ಸುಖದ ಬಗ್ಗೆ ಬರೆದ ತತ್ವಶಾಸ್ತ್ರ, ಗ್ರೀಕ್ ತತ್ವಜ್ಞಾನಿ ಫಿಲೊಡೆಮಸ್ ಬರೆದದ್ದಿರಬೇಕು. 2025ರಲ್ಲಿ ಆಕ್ಸ್‌ಫರ್ಡಿನಲ್ಲಿರುವ ಇನ್ನೊಂದು ಸುರುಳಿಯ ಶೀರ್ಷಿಕೆಯೂ ಸಿಕ್ಕಿತು. ಅದೂ ಫಿಲೊಡೆಮಸ್‌ನದೇ, ದುರ್ಗುಣಗಳ ಬಗ್ಗೆ.

ಹೊಸಪೇಟೆ ಅವರೇ, ಇದು ಕಾದಿದ್ದರ ಲಾಭ ಅಲ್ಲದೆ ಇನ್ನೇನು?

ಕೆಂಪುಕೋಟೆ
ಎಐ ಸುಮ್ನೆ ಇಲ್ಲದ ಅಕ್ಷರ ಹುಟ್ಟಿಸಿಲ್ಲ ಅಂತ ಏನು ಗ್ಯಾರಂಟಿ? ಈಗಿನ ಎಐ ಎಷ್ಟು ಸುಳ್ಳು ಹೇಳುತ್ತದೆ ಅಂತ ದಿನಾ ನೋಡುತ್ತಿದ್ದೇವೆ.

ಪಿಕ್ಸೆಲ್ ಪ್ರಭು
ಅದು ನಾವು ಮಾತಾಡಿಸುವ ಚಾಟ್ ಎಐ ಅಲ್ಲ. ಅದಕ್ಕೆ ಗ್ರೀಕ್ ಗೊತ್ತಿಲ್ಲ, ಅಕ್ಷರ ಅಂದರೆ ಏನು ಅಂತಲೂ ಗೊತ್ತಿಲ್ಲ. ಚಿತ್ರದ ಚಿಕ್ಕ ಚಿಕ್ಕ ಚೌಕ ನೋಡಿ "ಇಲ್ಲಿ ಶಾಯಿ ಇದೆ, ಇಲ್ಲಿ ಇಲ್ಲ" ಅಂತ ಮಾತ್ರ ಹೇಳುತ್ತದೆ. ಆ ಚೌಕ ಒಂದು ಅಕ್ಷರಕ್ಕಿಂತ ಚಿಕ್ಕದು. ಹಾಗಾಗಿ ಇಡೀ ಅಕ್ಷರ ಊಹಿಸುವ ಅವಕಾಶವೇ ಇಲ್ಲ. ಸಾವಿರಾರು ಚೌಕಗಳನ್ನು ಜೋಡಿಸಿದಾಗ ಅಕ್ಷರ ಎದ್ದು ಬಂದರೆ ಅದನ್ನು ಓದುವುದು ಪಪೈರಸ್ ಪಂಡಿತರು. ಗೆದ್ದವರ ಪ್ರೋಗ್ರಾಂ ಅನ್ನು ಬೇರೆಯವರೂ ಓಡಿಸಿ ನೋಡಿ ಖಚಿತ ಮಾಡಿಕೊಂಡರು.

ಮಲ್ಪೆ ಮೀನು
ಪಪೈರಸ್ ಅಂದಾಗ ಆಕ್ಸಿರಿಂಕಸ್ ಬಿಡುವ ಹಾಗಿಲ್ಲ. ಈಜಿಪ್ಟಿನ ಆ ಊರಿನ ಕಸದ ಗುಡ್ಡೆಯಲ್ಲಿ ಗ್ರೆನ್ಫೆಲ್ ಮತ್ತು ಹಂಟ್ 1896ರಿಂದ ಅಗೆದರು. ಅಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜ ಮತ್ತು ಜನ ಆಡುವ ಮಾತು ಕನ್ನಡ ಅಂತ ಹುಲ್ಟ್ಜ್ ಹೇಳಿದರು, ಆಮೇಲೆ ನಮ್ಮ ಆರ್. ಶಾಮಾಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಹಲ್ಮಿಡಿಗಿಂತ ಎಷ್ಟು ಹಳೆಯ ಕನ್ನಡ ನೋಡಿ! ಕನ್ನಡಿಗರಲ್ಲಿ ಎಷ್ಟು ಜನರಿಗೆ ಗೊತ್ತು?

ದಾವಣಗೆರೆ ಮೇಷ್ಟ್ರು
ಮಲ್ಪೆ ಅವರೇ, ಅಭಿಮಾನ ನನಗೂ ಇದೆ. ಆದರೆ ಅದು ಕನ್ನಡವೇ ಅಂತ ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಬೇರೆ ದ್ರಾವಿಡ ಭಾಷೆ ಇರಬಹುದು ಅಂದವರಿದ್ದಾರೆ, ನಗಿಸುವುದಕ್ಕೆ ಹಾಕಿದ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ಮಕ್ಕಳಿಗೆ ಹೇಳುವಾಗ "ಹೀಗೊಂದು ವಾದ ಇದೆ" ಅಂತಲೇ ನಾನು ಹೇಳುವುದು.

ಮಲ್ಪೆ ಮೀನು
ವಾದ ಇದೆ ಅಂತಲೇ ಇರಲಿ ಮೇಷ್ಟ್ರೇ. ಆದರೆ ಕರಾವಳಿಯಿಂದ ಕೆಂಪು ಸಮುದ್ರಕ್ಕೆ ಹಡಗು ಹೋಗುತ್ತಿದ್ದದ್ದು ವಾದ ಅಲ್ಲವಲ್ಲ. ಈಜಿಪ್ಟಿನ ಕೆಂಪು ಸಮುದ್ರದ ದಡದ ಬೆರೆನಿಕೆ ಬಂದರಿನಲ್ಲಿ ಬುದ್ಧನ ವಿಗ್ರಹವೇ ಸಿಕ್ಕಿದೆ, 2023ರಲ್ಲಿ ಸುದ್ದಿ ಬಂತು.

ಮಣ್ಣಪದರ
ಆಕ್ಸಿರಿಂಕಸ್‌ನಿಂದ ನಾನು ತೆಗೆದುಕೊಳ್ಳುವ ಪಾಠ ಬೇರೆ. ಅಲ್ಲಿ ಐದು ಲಕ್ಷದಷ್ಟು ತುಣುಕು ಸಿಕ್ಕಿವೆ. ನೂರಕ್ಕೂ ಹೆಚ್ಚು ವರ್ಷವಾದರೂ ಓದಿ ಪ್ರಕಟ ಮಾಡಿರುವುದು ಅದರಲ್ಲಿ ಸಣ್ಣ ಪಾಲು. ಅಗೆಯುವುದು ಸುಲಭದ ಭಾಗ. ತೊಳೆಯಬೇಕು, ನಂಬರ್ ಹಾಕಬೇಕು, ಚಿತ್ರ ಬಿಡಿಸಬೇಕು, ವರದಿ ಬರೆಯಬೇಕು. ಒಂದು ಋತುವಿನ ಅಗೆತಕ್ಕೆ ಮೂರು ನಾಲ್ಕು ವರ್ಷದ ಮೇಜಿನ ಕೆಲಸ ಇರುತ್ತದೆ. ನಾನು ಕೆಲಸ ಮಾಡಿದ ಕಡೆ ಮಡಕೆ ಚೂರುಗಳ ಚೀಲ ಉಗ್ರಾಣದಲ್ಲಿ ಹಾಗೇ ಬಿದ್ದಿದ್ದವು. ಕೆಲವು ಚೀಟಿ ಗೆದ್ದಲು ತಿಂದಿತ್ತು. ಚೀಟಿ ಹೋದ ಚೂರು ಬರೀ ಬೋಕಿ. ವರದಿ ಬಾರದ ಉತ್ಖನನ ನನ್ನ ದೃಷ್ಟಿಯಲ್ಲಿ ಲೂಟಿಗಿಂತ ಸ್ವಲ್ಪವೇ ಉತ್ತಮ.

ಕೆಂಪುಕೋಟೆ
ತಮಿಳುನಾಡಿನ ಕೀಳಡಿ ಉತ್ಖನನದ ವರದಿ ನೋಡಿ. ಮೊದಲ ಎರಡು ಹಂತ ಅಗೆದಿದ್ದು 2014ರಿಂದ 2016. ವರದಿ ಕೊಟ್ಟಿದ್ದು 2023ರಲ್ಲಿ. 2025ರಲ್ಲಿ ತಿದ್ದಿ ಕೊಡಿ ಅಂತ ವಾಪಸ್ ಕಳಿಸಿದರು. ಇದರ ಹಿಂದೆ ಯಾರಿದ್ದಾರೆ ಅಂತ ಎಲ್ಲರಿಗೂ ಗೊತ್ತು.

ನಿರ್ವಾಹಕ
ಪಕ್ಷ ರಾಜಕೀಯ ಇಲ್ಲಿ ಬೇಡ. ಅಗೆತದ ವಿಷಯಕ್ಕೆ ಬನ್ನಿ.

ಸೀಬೆಹಣ್ಣು
ಅಗೆಯದೇ ಹೊಸದು ಕಂಡುಹಿಡಿದಿದ್ದು ಇನ್ನೂ ಇದೆಯಾ? ಈ ತರಹದ್ದು ಓದಲು ಖುಷಿಯಾಗುತ್ತದೆ.

ಸ್ಟುಟ್‌ಗಾರ್ಟ್ ಶೆಟ್ಟಿ
ಬೇಕಾದಷ್ಟಿದೆ. ಮೆಕ್ಸಿಕೋದ ಕಂಪೇಚೆಯಲ್ಲಿ ಮಾಯಾ ಜನರ ಒಂದು ನಗರವೇ 2024ರಲ್ಲಿ ಸಿಕ್ಕಿತು. ಲ್ಯೂಕ್ ಆಲ್ಡ್-ಥಾಮಸ್ ಅನ್ನುವ ಸಂಶೋಧಕ ಗೂಗಲ್‌ನಲ್ಲಿ ಪುಟದ ಮೇಲೆ ಪುಟ ತಿರುವುತ್ತಾ ಹೋಗಿ, ಕಾಡಿನ ಇಂಗಾಲ ಅಳೆಯಲು ಯಾರೋ 2013ರಲ್ಲಿ ಮಾಡಿಸಿದ್ದ ಲೈಡಾರ್ ದತ್ತಾಂಶ ಹಿಡಿದರು. ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಯುವುದು ಲೈಡಾರ್. ಎಲೆಗಳ ಸಂದಿಯಿಂದ ನೆಲ ಮುಟ್ಟಿ ಬಂದ ಕಿರಣಗಳನ್ನು ಮಾತ್ರ ಇಟ್ಟುಕೊಂಡರೆ ಕಾಡು ಮಾಯ, ನೆಲದ ಉಬ್ಬುತಗ್ಗು ಕಾಣುತ್ತದೆ. ಅಳೆದ ಜಾಗದಲ್ಲೆಲ್ಲ ಸೇರಿ ಆರು ಸಾವಿರಕ್ಕೂ ಜಾಸ್ತಿ ಕಟ್ಟಡಗಳು! ಪಿರಮಿಡ್ಡು, ಚೆಂಡಾಟದ ಅಂಗಳ ಎಲ್ಲ.

ದಾವಣಗೆರೆ ಮೇಷ್ಟ್ರು
ಸ್ಟೋನ್‌ಹೆಂಜ್ ಕೂಡ. ನಡುವೆ ಮಲಗಿರುವ ಬಲಿಪೀಠದ ಕಲ್ಲು ಅನ್ನುವುದನ್ನು ವೇಲ್ಸ್‌ನಿಂದ ತಂದದ್ದು ಅಂತ ನೂರು ವರ್ಷದಿಂದ ನಂಬಿದ್ದರು. ಅದರ ತುಣುಕುಗಳು ಹಳೆಯ ಸಂಗ್ರಹದಲ್ಲಿದ್ದವು. 2024ರಲ್ಲಿ ಅದರೊಳಗಿನ ಖನಿಜದ ಕಣಗಳ ವಯಸ್ಸು ಅಳೆದು ನೋಡಿದರೆ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದು. 700 ಕಿ.ಮೀ.ಗಿಂತ ದೂರ, ಆರು ಟನ್ ತೂಕ. ಸ್ಟೋನ್‌ಹೆಂಜಿನಲ್ಲಿ ಹೊಸದಾಗಿ ಒಂದು ಹಿಡಿ ಮಣ್ಣೂ ತೆಗೆಯಬೇಕಾಗಲಿಲ್ಲ.

ಕಲಬುರಗಿ ಕಟ್ಟೆ
ನಮ್ಮ ಸನ್ನತಿಯಲ್ಲಿ ಅಗೆಯದೆಯೇ ಅಶೋಕ ಸಿಕ್ಕಿದ್ದಾನೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಚಾವಣಿ ಕುಸಿಯಿತು. ಮೂರ್ತಿ ಭಗ್ನವಾಯಿತು. ಅದರ ಪೀಠಕ್ಕೆ ಹಾಕಿದ್ದ ಕಲ್ಲು ನೋಡಿದರೆ ಬ್ರಾಹ್ಮಿ ಅಕ್ಷರ, ಅಶೋಕನ ಶಾಸನ! ಎಷ್ಟೋ ಕಾಲ ಅದರ ಮೇಲೆ ಎಣ್ಣೆ, ಕುಂಕುಮ ಬೀಳುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪ ಸಿಕ್ಕಿತು. ಅಲ್ಲಿ "ರಾಯ ಅಸೋಕ" ಅಂತ ಹೆಸರು ಬರೆದ ಅಶೋಕನ ಉಬ್ಬುಶಿಲ್ಪವೇ ಇದೆ.

ಹೊಸಪೇಟೆ ಹುಡುಗ
ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಹಾಗಾದರೆ ಗೊಬೆಕ್ಲಿ ಟೆಪೆಯಲ್ಲಿ ಕೆಲಸ ಈಗ ಪೂರ್ತಿ ನಿಂತಿದೆಯಾ?

ಸ್ಟುಟ್‌ಗಾರ್ಟ್ ಶೆಟ್ಟಿ
ಇಲ್ಲ ಇಲ್ಲ, ನಡೆಯುತ್ತಿದೆ. 2023ರಲ್ಲಿ ಅಲ್ಲಿ ನಿಜ ಗಾತ್ರದ ಕಾಡುಹಂದಿಯ ಶಿಲ್ಪ ಸಿಕ್ಕಿತು, ಮೈಮೇಲೆ ಕೆಂಪು, ಬಿಳಿ, ಕಪ್ಪು ಬಣ್ಣ ಇನ್ನೂ ಉಳಿದಿದೆ. ಹತ್ತಿರದ ಕರಹಾನ್ ಟೆಪೆಯಲ್ಲಿ ನೆಜ್ಮಿ ಕರುಲ್ ಅವರ ತಂಡ 2019ರಿಂದ ಅಗೆಯುತ್ತಿದೆ. 2025ರಲ್ಲಿ ಅಲ್ಲಿ ಮನುಷ್ಯನ ಮುಖ ಕೆತ್ತಿದ ಟಿ ಆಕಾರದ ಕಂಬ ಸಿಕ್ಕಿತು. ಕೈ ಇದ್ದ ಕಂಬಗಳಿದ್ದವು, ಮುಖ ಇದ್ದದ್ದು ಅದೇ ಮೊದಲು. ಒಂದೇ ದಿಬ್ಬ ಪೂರ್ತಿ ಬರಿದು ಮಾಡುವ ಬದಲು ಸುತ್ತಲಿನ ಅದೇ ಕಾಲದ ಊರುಗಳನ್ನು ಸ್ವಲ್ಪ ಸ್ವಲ್ಪ ತೆರೆದು ಹೋಲಿಸಿ ನೋಡುತ್ತಿದ್ದಾರೆ.

ಬಳ್ಳಾರಿ ಬಿಸಿಲು
ಮಣ್ಣಪದರ ಸರ್, ಒಂದು ಸಲಹೆ ಬೇಕು. ನಮ್ಮ ಹೊಲದ ದೇವರ ಕಟ್ಟೆ ಮೇಲೆ ನುಣ್ಣಗೆ ಉಜ್ಜಿದ ಕಲ್ಲುಕೊಡಲಿಗಳಿವೆ. ಉಳುವಾಗ ಸಿಕ್ಕಿದ್ದನ್ನೆಲ್ಲ ಅಲ್ಲಿ ಇಡುತ್ತಾ ಬಂದಿದ್ದಾರೆ, ಅರಿಶಿನ ಕುಂಕುಮ ಹಚ್ಚುತ್ತಾರೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯ ಇದೆಯಲ್ಲ, ಅಲ್ಲಿಗೆ ಕೊಡಬೇಕಾ? ಅಮ್ಮ ಒಪ್ಪುವುದಿಲ್ಲ.

ಮಣ್ಣಪದರ
ಅಮ್ಮನವರ ಮನಸ್ಸು ನೋಯಿಸಬೇಡಿ. ಮೊದಲು ಈಗ ಇರುವ ಹಾಗೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ತೊಳೆಯಬೇಡಿ, ಉಜ್ಜಬೇಡಿ. ಯಾವ ಹೊಲದಲ್ಲಿ ಸಿಕ್ಕಿದ್ದು, ಸರ್ವೆ ನಂಬರ್ ಎಷ್ಟು ಅಂತ ಬರೆಯಿರಿ. ಸಂಗ್ರಹಾಲಯದವರಿಗೆ ಫೋಟೋ ತೋರಿಸಿದರೆ ಅವರೇ ಬಂದು ನೋಡಬಹುದು. ನಾಣ್ಯ, ಒಡವೆ ಏನಾದರೂ ಸಿಕ್ಕರೆ ಮಾತ್ರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಅದಕ್ಕೆ ನಿಧಿ ಕಾಯಿದೆ ಇದೆ.

ಬಳ್ಳಾರಿ ಬಿಸಿಲು
ಆಯಿತು ಸರ್, ಈ ಭಾನುವಾರ ಹೋಗುತ್ತೇನೆ. ಅದರಲ್ಲಿ ಒಂದು ಕೊಡಲಿ ಬಾವಿ ತೋಡುವಾಗ ಸಿಕ್ಕಿದ್ದು. ಎಷ್ಟು ಆಳದಲ್ಲಿತ್ತು, ಜೊತೆಗೆ ಬೂದಿ ಇತ್ತು ಅನ್ನುವುದೆಲ್ಲ ಅಪ್ಪನಿಗೆ ಇನ್ನೂ ನೆನಪಿದೆ.

ಮಣ್ಣಪದರ
ಹಾಗಾದರೆ ಫೋಟೋ ಆಮೇಲೆ. ಮೊದಲು ಅಪ್ಪನನ್ನು ಕೂರಿಸಿಕೊಂಡು ಅದನ್ನು ಬರೆದುಕೊಳ್ಳಿ. ಬಾವಿ ಯಾವ ಮೂಲೆಯಲ್ಲಿದೆ, ಮೇಲಿನ ಮಣ್ಣು ಯಾವ ಬಣ್ಣ, ಬೂದಿ ಎಲ್ಲಿಂದ ಶುರುವಾಯಿತು, ಎಲ್ಲ ಕೇಳಿ. ಬಾವಿಯ ಗೋಡೆಗೆ ಕಲ್ಲು ಕಟ್ಟಿಲ್ಲ ಅಂದರೆ ಆ ಬೂದಿಯ ಗೆರೆ ಈಗಲೂ ಕಾಣಬಹುದು. ಇದ್ದರೆ ನನಗೆ ಇಲ್ಲೇ ತಿಳಿಸಿ, ನಾನೇ ಬರುತ್ತೇನೆ.